ಅವ್ವನ ಹೆಸರು ಕರೆಯುವವರು

ಅವ್ವನ ಹೆಸರು ಹಿಡಿದು ಯಾರಾದರೂ ಕರೆದದ್ದನ್ನು ನಾನು ನಮ್ಮ ಮನೆಯಲ್ಲಿ ಕೇಳಿಲ್ಲ. ಹೆಂಡತಿಯನ್ನು ಹೆಸರಿನಿಂದ ಕರೆಯುವ ಗಂಡಸು ನಮ್ಮ ಕಡೆ ಆಗಿನ್ನೂ ಹುಟ್ಟಿರಲಿಲ್ಲ. ಅಪ್ಪ ಪಡಸಾಲೆಯಿಂದ ‘ಏ, ಕೇಳಿಲ್ಲೆ’ ಅನ್ನುತ್ತಿದ್ದ, ಅವ್ವ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದಳು. ಓಣಿಯವರು ನನ್ನ ಹೆಸರು ಹೇಳಿ ಅದಕ್ಕೊಂದು ‘ಅವ್ವ’ ಸೇರಿಸಿ ಕರೆಯುತ್ತಿದ್ದರು. ಅವ್ವನದು ಹೊಳೆಯ ಹೆಸರು. ಯಾದಗಿರಿಯಿಂದ ಶಹಾಪುರಕ್ಕೆ ಹೋಗುವಾಗ ಸೇತುವೆಯ ಕೆಳಗೆ ಹರಿಯುತ್ತದಲ್ಲ, ಅದೇ ಹೊಳೆ. ಅಪ್ಪ ಅದರ ಹೆಸರನ್ನೂ ಬಾಯಿಗೆ ತಂದವನಲ್ಲ. ಬರೀ ‘ಹೊಳಿ’ ಅಂದು ಮುಗಿಸಿಬಿಡುತ್ತಿದ್ದ. ಮದುವೆಯಾದ ಹೊಸದರಲ್ಲಿ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು ಒಡಪು ಹಾಕಿಸಿದಾಗ ಒಮ್ಮೆ ಹೆಂಡತಿಯ ಹೆಸರು ಹೇಳಿದ್ದನಂತೆ, ಅದೂ ಗೊಣಗಿದ ಹಾಗೆ.

ಅವ್ವ ತೀರಿಕೊಂಡ ಮೇಲೆ ನನಗೆ ಒಂದೇ ಆಸೆ ಅಂಟಿಕೊಂಡಿತು. ಅಂಗಳದಲ್ಲಿ ಕೂಗಿದರೆ ಅಡುಗೆಮನೆಗೆ ಕೇಳಬೇಕು, ಹಾಗೆ ಅವ್ವನ ಹೆಸರನ್ನು ಯಾರಾದರೂ ಕರೆಯಬೇಕು. ಬದುಕಿದ್ದಾಗ ಅವಳಿಗೆ ಸಿಗದ್ದು ಈಗಲಾದರೂ ಸಿಗಲಿ. ಸುರಪುರದಲ್ಲಿರುವ ತಮ್ಮನಿಗೆ ಹೆಣ್ಣುಮಗು ಹುಟ್ಟಿತೆಂದು ಫೋನ್ ಬಂದಾಗ ನಾನು ಗಳಗಳ ಅತ್ತೆ.

ಮೊಬೈಲಿನಲ್ಲಿ ತಡಕಾಡಿ ತಮ್ಮ ಒಂದು ಹೆಸರು ಆರಿಸಿದ್ದ. ಮುಂಜಾನೆಯ ಮೊದಲ ಬೆಳಕು ಅಂತ ಅರ್ಥವಂತೆ. ಪಂಚಾಂಗ ನೋಡಿದ ಅಯ್ಯನವರು ಬೇರೆಯೇ ಅಕ್ಷರ ಹೇಳಿದ್ದರು. ಅದಕ್ಕೆ ಅವನು ಆರಿಸಿದ್ದೂ ಕೂಡಲಿಲ್ಲ, ನಾನು ಇಡಬೇಕೆಂದಿದ್ದ ಅವ್ವನ ಹೆಸರೂ ಕೂಡಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

“ನಮ್ಮವ್ವನ ಹೆಸರಿಗಿಂತ ಛಲೋ ಅರ್ಥ ಬೇಕೇನೋ ನಿನಗ?” ಎಂದೆ.

ಅವನು ಮೊಬೈಲು ಪಕ್ಕಕ್ಕಿಟ್ಟ. ಅಯ್ಯನವರೂ ಹಿರಿಯರ ಹೆಸರಿಗೆ ಅಕ್ಷರದ ಅಡ್ಡಿಯಿಲ್ಲ ಎಂದು ದಾರಿ ಬಿಟ್ಟರು.

ತೊಟ್ಟಿಲಿಗೆ ಹಾಕುವ ಕಾರ್ಯ ನಡೆದದ್ದು ತಮ್ಮನ ಹೆಂಡತಿಯ ತವರು ಗೋಗಿಯಲ್ಲಿ. ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಕೈಯಾರೆ ಹೊಲಿದ ಕುಲಾವಿ ತಗೊಂಡು ಹೋಗಿ ಮಗುವಿನ ತಲೆಗೆ ಹಾಕಿದೆ. ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ‘ಕುರ್ರ್’ ಅಂದು, ಹೆಸರು ಹೇಳಿದೆ. ಹೇಳಿದ್ದೇ ತಡ, ಹೆಂಗಸರೆಲ್ಲ ಸಂಪ್ರದಾಯದಂತೆ ನನ್ನ ಬೆನ್ನಿಗೆ ಗುದ್ದಿದರು. ಮನೆಯ ಮಗಳೆಂಬ ಠೇಂಕಾರವನ್ನೆಲ್ಲ ಆ ಗುದ್ದಿನಲ್ಲೇ ಇಳಿಸುವವರಂತೆ ಗುದ್ದಿದರು. ಬೆನ್ನು ಉರಿಯುತ್ತಿದ್ದರೂ ಗುಗ್ಗರಿ ಹಂಚುತ್ತ ಓಡಾಡಿದೆ. ಗೆದ್ದೆ ಅಂದುಕೊಂಡಿದ್ದೆ.

ಮಗು ನಡೆಯಲು ಕಲಿತ ಮೇಲೆ ಸುರಪುರಕ್ಕೆ ಹೋಗಿ ನಾಲ್ಕು ದಿನ ಇದ್ದೆ. ಹೋದ ದಿನವೇ ಗೊತ್ತಾಯಿತು, ಆ ಹೆಸರನ್ನು ಮನೆಯಲ್ಲಿ ಒಬ್ಬರೂ ಕರೆಯುವುದಿಲ್ಲ. ತಮ್ಮ ‘ಅವ್ವಾ’ ಅನ್ನುತ್ತಿದ್ದ. ಅವನ ಹೆಂಡತಿ ‘ಅವ್ವಿ’ ಅನ್ನುತ್ತಿದ್ದಳು. ಈಗ ಅವರ ಜೊತೆಗೇ ಇರುವ ಅಪ್ಪನಂತೂ ಅಷ್ಟು ಸಣ್ಣ ಮೊಮ್ಮಗಳಿಗೆ ‘ಏ, ಕೇಳಿಲ್ಲೆ’ ಎಂದು ಕೂಗುತ್ತಿದ್ದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಷ್ಟೆಲ್ಲ ಜಗಳಾಡಿ ಹೆಸರಿಟ್ಟದ್ದು ಯಾಕೆ ಎಂದು ತಮ್ಮನ ಹೆಂಡತಿಯನ್ನು ಕೇಳಿಯೇಬಿಟ್ಟೆ. ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಳು.

“ಅತ್ತಿ ಹೆಸರು ಹಿಡದು ಹ್ಯಾಂಗ ಕರೀಲಿ ಅಕ್ಕಾ? ಬಾಯಿ ಬರಂಗಿಲ್ಲ. ಹಟ ಮಾಡಿದ್ರ ಬೈಯಾಕೂ ಬರವಲ್ದು,” ಎಂದಳು.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಅತ್ತೆಯ ಹೆಸರನ್ನು ನಾನಾದರೂ ಎಂದು ಕರೆದಿದ್ದೇನೆ? ಆದರೂ ಸಂಕಟವಾಯಿತು. ಅಪ್ಪನ ಮನೆಯಲ್ಲಿ ಮುಚ್ಚಿಟ್ಟಿದ್ದ ಹೆಸರು ತಮ್ಮನ ಮನೆಯಲ್ಲೂ ಮುಚ್ಚಿಯೇ ಇತ್ತು. ಯಾರೂ ಕರೆಯದಿದ್ದರೆ ನಾನೇ ಕರೆಯುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಹೊರಡುವ ದಿನ ಮಗಳನ್ನು ನಡೆಸಿಕೊಂಡು ತಮ್ಮ ಬಸ್‌ಸ್ಟ್ಯಾಂಡಿಗೆ ಬಂದಿದ್ದ. ಅವನು ನನ್ನ ಚೀಲ ಬಸ್ಸಿನೊಳಗೆ ಇಡುತ್ತಿದ್ದಾಗ ಹುಡುಗಿ ನನ್ನ ಕೈ ಕೊಸರಿಕೊಂಡು ಓಡಿದಳು. ಪಕ್ಕದಲ್ಲಿ ಇನ್ನೊಂದು ಬಸ್ಸು ಹಿಂದಕ್ಕೆ ಸರಿಯುತ್ತಿತ್ತು. ಕೂಗಬೇಕು, ಆ ಹೆಸರನ್ನೇ ಕೂಗಬೇಕು. ಆದರೆ ನನ್ನ ಬಾಯಿಂದ ಬಂದದ್ದು ಬೇರೆ.

“ಅವ್ವಾ!”

ಅವಳು ತಟ್ಟನೆ ನಿಂತಳು. ತಿರುಗಿ ನೋಡಿ, “ಓ,” ಅಂದಳು.

ಓಡಿಹೋಗಿ ಎತ್ತಿಕೊಂಡೆ. ಕೆಳಗಿಳಿಸಲು ಮನಸ್ಸಾಗಲಿಲ್ಲ, ಅದು ಬಸ್ಸಿನ ಹೆದರಿಕೆಯೊಂದರಿಂದಲೇ ಅಲ್ಲ. ಅವ್ವ ಹೋದಾಗಿನಿಂದ ನಾನು ಯಾರನ್ನೂ ಹಾಗೆ ಕೂಗಿರಲಿಲ್ಲ. ಆ ಹೊಳೆಯ ಹೆಸರಿನ ಹೆಂಗಸು ನನಗೆ ಎಂದೂ ಪರಿಚಯವಿರಲಿಲ್ಲ. ನಾನು ಕಳೆದುಕೊಂಡದ್ದು, ಕೂಗಿದರೆ ಓ ಅನ್ನುವವಳನ್ನು.

ಮಗಳನ್ನು ಎತ್ತಿಕೊಂಡು ತಮ್ಮ ಕೆಳಗೆ ನಿಂತ. ನಾನು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಬಸ್ಸು ಬಿಡುವ ಮುಂಚೆ, ಏನೂ ಕೆಲಸವಿರಲಿಲ್ಲ, ಸುಮ್ಮನೆ ಇನ್ನೊಮ್ಮೆ ‘ಅವ್ವಾ’ ಎಂದೆ.

ಅವಳು ಓ ಅಂದಳು.