ಚಹಾದ ಸೈಟಿಗೂ ಅದೇ ಕೀಲಿ

ಉಣಕಲ್‌ನ ನಮ್ಮ ಕಾಲೇಜಿನ ಕಂಪ್ಯೂಟರ್ ಮೇಡಂ ಲಾಗೌಟ್ ಮಾಡದೆ ಕುರ್ಚಿ ಬಿಟ್ಟೇಳುತ್ತಿರಲಿಲ್ಲ. "ಬಾಗಲಾ ಹಾಕ್ರೀಪಾ" ಎಂದು ನಮಗೂ ಹೇಳುತ್ತಿದ್ದರು. ಒಮ್ಮೆ ಲಾಗಿನ್ ಆದರೆ ಬ್ರೌಸರಿನಲ್ಲಿ ಉಳಿಯುವ ಕುಕಿ ಎಂಬ ಗುರುತುಚೀಟಿಯೊಂದರಿಂದಲೇ ಹಾಜರಿ, ಅಂಕ ಎಲ್ಲವೂ ತೆರೆಯುತ್ತಿದ್ದವು. ಅದನ್ನು ಹೊರಗಿನವರು ನಡೆಸುವ ಕ್ಯಾಂಟೀನ್ ಸೈಟಿಗೂ ಹಂಚಲು ಪ್ರಾಚಾರ್ಯರು ಮೇಡಂಗೆ ಹೇಳಿದರು.

"ಬ್ಯಾಡ್ರಿ ಸರ್. ಚಹಾ ಕೊಡಾವ್ರ ಕೈಯಾಗ ಅಂಕದ ಕಪಾಟಿನ ಕೀಲಿ ಯಾಕ್ರಿ?"

"ನಿಮಗ ಚಹಾದಾಗೂ ಕಳ್ಳರ ಕಾಣ್ತಾರಲ್ರಿ," ಎಂದು ನಕ್ಕ ಪ್ರಾಚಾರ್ಯರು ಬೇರೆಯವರಿಂದ ಮಾಡಿಸಿದರು.

ಒಂದು ಮಧ್ಯಾಹ್ನ ಮೇಡಂ ಆ ಸೈಟಿನಲ್ಲಿ ಚಹಾ ತರಿಸಿದರು; ಅವರ ಕುಕಿಯೂ ಅಲ್ಲಿಗೆ ಹೋಯಿತು. ನನ್ನೆದುರು ಅದನ್ನು ಕುಡಿಯುತ್ತಿದ್ದಾಗಲೇ ಅವರ ಹೆಸರಿನಲ್ಲಿ ಯಾರೋ ಅಂಕ ತಿದ್ದಿದರು. ವಿಚಾರಣೆಯಲ್ಲಿ ನಾನು ಇದನ್ನೇ ಹೇಳಿದೆ. "ಲಾಗಿನ್ ಅವರದ ಐತಲ್ರಿ," ಎಂದ ಪ್ರಾಚಾರ್ಯರು ನನ್ನ ಮಾತನ್ನು ಬರೆದುಕೊಳ್ಳಲಿಲ್ಲ.

ಮೇಡಂ ಕೆಲಸ ಕಳೆದುಕೊಂಡರು. ಕೊನೆಯ ದಿನವೂ ಲಾಗೌಟ್ ಮಾಡಿ, "ಬಾಗಲಾ ಹಾಕೇನ್ರಿ" ಎಂದು ಹೇಳಿಯೇ ಹೊರಟರು.

ಅಂದು ಬರೆದುಕೊಳ್ಳದ ಮಾತನ್ನು ನಾನೇ ಇಲ್ಲಿ ಬರೆದಿದ್ದೇನೆ.