ಎರಡನೆಯ ತಂತಿ ಹೊಸೆಯುವ ಜಹಾನಾರಾ

ಬೆಳಗಿನ ಐದೂಮುಕ್ಕಾಲು. ಆಕ್ಲೆಂಡ್‌ನ ಹಿಲ್ಸ್‌ಬರೋದಲ್ಲಿ, ಇಳಿಜಾರು ರಸ್ತೆಯ ಮನೆಯೊಂದರ ಗ್ಯಾರೇಜಿನಲ್ಲಿ ದೀಪ ಉರಿಯುತ್ತಿದೆ. ಕಾರು ಹೊರಗೆ ಇಬ್ಬನಿಯಲ್ಲಿ ನೆನೆಯುತ್ತಿದೆ. ಒಳಗೆ ಈ ಗೋಡೆಯ ಕೊಂಡಿಯಿಂದ ಆ ಗೋಡೆಯ ಕೊಂಡಿಗೆ ಹಳದಿ ಬಣ್ಣದ ಕಚ್ಚಾ ರೇಷ್ಮೆ ಎಳೆದು ಕಟ್ಟಿದೆ. ಐವತ್ನಾಲ್ಕರ ಜಹಾನಾರಾ ಒಂದು ತುದಿಯಲ್ಲಿ ನಿಂತು ಕೈಚಕ್ರ ತಿರುಗಿಸುತ್ತಾರೆ. ನೂರು ಸುತ್ತಿಗೊಮ್ಮೆ ನಿಲ್ಲಿಸಿ, ಹುರಿಯ ಉದ್ದಕ್ಕೂ ಬೆರಳಾಡಿಸಿ, ಮತ್ತೆ ತಿರುಗಿಸುತ್ತಾರೆ.

ಮೂಲೆಯಲ್ಲಿ ಇಡ್ಲಿ ಪಾತ್ರೆಯಿಂದ ಹಬೆ ಏಳುತ್ತಿದೆ. ಬಸ್ ಓಡಿಸುವ ಗಂಡ ಯಾಹ್ಯಾ ಡ್ಯೂಟಿಗೆ ಹೊರಟವರು ಇಣುಕುತ್ತಾರೆ.

"ಇಡ್ಲಿ ಅಂದ್ಕೊಂಡು ಬಂದೆ. ನೋಡಿದ್ರೆ ಹಗ್ಗ ಬೇಯ್ತಾ ಇದೆ."

"ನಿಮ್ಮ ತಿಂಡಿ ಒಳಗೆ ಡಬ್ಬೀಲಿದೆ. ಈ ಪಾತ್ರೆ ಮುಚ್ಚಳ ಮಾತ್ರ ಮುಟ್ಬೇಡಿ."

ಬೇಯುತ್ತಿರುವುದು ಕೊಮುಂಗೊ ಎಂಬ ಕೊರಿಯಾದ ವಾದ್ಯದ ತಂತಿ. ನೆಲದ ಮೇಲೆ ಅಡ್ಡಲಾಗಿ ಇಟ್ಟು, ಬಿದಿರ ಕಡ್ಡಿಯಿಂದ ಹೊಡೆದು ನುಡಿಸುವ ಈ ವಾದ್ಯಕ್ಕೆ ಆರು ರೇಷ್ಮೆ ತಂತಿಗಳು. ಅದನ್ನು ಎಲೆಕ್ಟ್ರಿಕ್ ಗಿಟಾರು, ಡ್ರಮ್ಮುಗಳ ನಡುವೆ ನುಡಿಸುವ ‘ದೋಲ್ದಾಂ’ ಎಂಬ ರಾಕ್ ತಂಡ ಆಕ್ಲೆಂಡಿನಲ್ಲಿದೆ. ದೋಲ್ದಾಂ ಅಂದರೆ ಕಲ್ಲುಗೋಡೆ. ಕೊಮುಂಗೊ ನುಡಿಸುವವಳು ಹೇ-ರಿನ್. ಗಿಟಾರು ಮೈಸೂರಿನ ವಿಶ್ವಾಸ್‌ನದು. ಪೋಸ್ಟರಿನಲ್ಲಿ ನಾಲ್ವರ ಮುಖವಿದೆ. ಜಹಾನಾರಾ ಹೆಸರು ಎಲ್ಲೂ ಇಲ್ಲ.

ಶಿಡ್ಲಘಟ್ಟದಲ್ಲಿ ಇವರದು ರೇಷ್ಮೆ ನೂಲು ತೆಗೆಯುವ ಮನೆತನ. ಒಂಬತ್ತನೇ ವಯಸ್ಸಿಗೇ ಗೂಡು ಬೇಯಿಸುವ ಬಿಸಿನೀರಿಗೆ ಕೈ ಹಾಕಿದವರು. ಬೆರಳ ತುದಿಗಳು ಇಂದಿಗೂ ನುಣುಪು. ಇಲ್ಲಿಗೆ ಬಂದ ಹೊಸದರಲ್ಲಿ ಬೆರಳ ಗುರುತು ಹಿಡಿಯುವ ಯಂತ್ರ ಮೂರು ಸಲ ಇವರ ಗುರುತನ್ನೇ ತೆಗೆದುಕೊಳ್ಳಲಿಲ್ಲವಂತೆ. ಈಗ ಈಸ್ಟ್ ತಮಾಕಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ವಿಶ್ವಾಸ್ ಅಲ್ಲೇ ಎಂಜಿನಿಯರ್. ಎರಡು ವರ್ಷದ ಹಿಂದೆ ಟೀ ಹೊತ್ತಿನಲ್ಲಿ ಅವನು ತುಂಡಾದ ತಂತಿಯೊಂದನ್ನು ಮೇಜಿನ ಮೇಲಿಟ್ಟಿದ್ದ. ಇವರು ಎತ್ತಿಕೊಂಡು ಉಗುರಲ್ಲಿ ಬಿಡಿಸಿ, "ಇದು ನಮ್ಮ ರೇಷ್ಮೆ ಅಲ್ವೇನಪ್ಪಾ?" ಅಂದರು. ಶುರುವಾದದ್ದು ಹಾಗೆ.

ಮೊದಲ ಹನ್ನೊಂದು ತಂತಿಗಳು ಹಾಳಾದವು. "ನಮ್ಮೂರಲ್ಲಿ ಸೀರೆ ನೂಲನ್ನ ಸೋಪು ನೀರಲ್ಲಿ ಕುದಿಸಿ ಅಂಟು ಬಿಡಿಸ್ತಾರೆ, ಆಗಲೇ ಹೊಳಪು ಬರೋದು. ನಾನೂ ಹಂಗೇ ಮಾಡ್ದೆ. ಎಷ್ಟು ಚೆಂದ ಮಿಂಚ್ತಿತ್ತು ಅಂತೀರಾ. ಹುಡುಗಿ ಒಂದೇಟು ಹೊಡೆದ್ಲು, ಬಿಚ್ಕೊಂಡ್ತು," ಎನ್ನುತ್ತಾರೆ. ಅಂಟೇ ತಂತಿಯ ಜೀವ ಎಂದು ತಿಳಿಯಲು ಐದು ತಿಂಗಳು ಹಿಡಿಯಿತು. ಅಂಟು ತೊಳೆಯದೆ ಹೊಸೆಯಬೇಕು, ಮರದ ತುಂಡಿಗೆ ಬಿಗಿಯಾಗಿ ಸುತ್ತಿ ಹಬೆಗಿಡಬೇಕು. ಅಂಟು ಕರಗಿ, ಆರಿದಾಗ ಎಳೆಗಳನ್ನೆಲ್ಲ ಒಂದಾಗಿ ಹಿಡಿಯುತ್ತದೆ. "ನಲವತ್ತು ವರ್ಷ ಕಲ್ತಿದ್ದನ್ನ ಈ ವಯಸ್ಸಲ್ಲಿ ಉಲ್ಟಾ ಮಾಡ್ಬೇಕಾಯ್ತು."

ಒಂದು ತಂತಿಗೆ ನೂರೈವತ್ತು ಎಳೆ, ಇಪ್ಪತ್ತು ನಿಮಿಷ ಹಬೆ, ಮೂರು ದಿನ ನೆರಳಲ್ಲಿ ಒಣಗಿಸಬೇಕು. ಏಳೂವರೆಗೆ ಕೆಲಸಕ್ಕೆ ಹೊರಡಬೇಕಾದ್ದರಿಂದ ವಾರಕ್ಕೆ ಎರಡೇ ಆಗುವುದು. ಆರರಲ್ಲಿ ಹೆಚ್ಚು ಪೆಟ್ಟು ತಿನ್ನುವ ಎರಡನೆಯ ತಂತಿ ಮಾತ್ರ ಇವರದು. ಉಳಿದೈದು ಕೊರಿಯಾದಿಂದ ಬರುತ್ತವೆ.

ಆ ಎರಡನೆಯದೇ ಕಳೆದ ಚಳಿಗಾಲದಲ್ಲಿ ವೆಲ್ಲಿಂಗ್ಟನ್ ವೇದಿಕೆಯ ಮೇಲೆ, ಮೂರನೇ ಹಾಡಿನ ನಡುವೆ ತುಂಡಾಯಿತು. ಈ ಶನಿವಾರ ಮತ್ತೆ ಅಲ್ಲೇ ಕಾರ್ಯಕ್ರಮ. ಪಾಲಿಯೆಸ್ಟರ್ ತಂತಿ ತುಂಡಾಗುವುದಿಲ್ಲ. ಆದರೆ ಒತ್ತಿ ನಡುಗಿಸಿದಾಗ ದನಿ ಅಳುವುದೂ ಇಲ್ಲ ಎನ್ನುತ್ತಾಳೆ ಹೇ-ರಿನ್. ವಿಶ್ವಾಸ್‌ಗೆ ಸಾಕಾಗಿದೆ.

"ಆಂಟಿ, ಬೇಜಾರ್ ಮಾಡ್ಕೋಬೇಡಿ. ಈ ಸಲಾನೂ ಕಿತ್ತೋದ್ರೆ ಪಾಲಿಯೆಸ್ಟರೇ. ಅಷ್ಟು ಜನರ ಮುಂದೆ ಸುಮ್ನೆ ನಿಂತ್ಕೊಳೋ ಕಷ್ಟ ನಿಮಗೆ ಗೊತ್ತಿಲ್ಲ."

"ಗೊತ್ತಿಲ್ಲ ಬಿಡಪ್ಪ. ಬಿಸಿನೀರಲ್ಲಿ ಕೈ ಇಡೋ ಕಷ್ಟ ನಿನಗೂ ಗೊತ್ತಿಲ್ಲ," ಎಂದ ಜಹಾನಾರಾ ರಜೆ ಹಾಕಿ, ತಂಡದ ವ್ಯಾನಿನಲ್ಲೇ ಹೊರಟಿದ್ದಾರೆ.

ಶನಿವಾರ ಸಂಜೆ ವೆಲ್ಲಿಂಗ್ಟನ್ನಿನ ಸಭಾಂಗಣದಲ್ಲಿ ಅವರು ವೇದಿಕೆಯ ಪಕ್ಕದ ಪರದೆಯ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾರೆ, ಕಿವಿಗೆ ಹತ್ತಿ, ತೊಡೆಯ ಮೇಲೆ ಎರಡು ಹೆಚ್ಚುವರಿ ತಂತಿ. ಸಂಗೀತ ಹೇಗನ್ನಿಸುತ್ತದೆ ಎಂದರೆ, "ಬರೀ ಗಲಾಟೆ. ಆ ಹುಡುಗಿ ಒಬ್ಬಳೇ ನುಡಿಸ್ವಾಗ ಚೆನ್ನಾಗಿರತ್ತೆ," ಎನ್ನುತ್ತಾರೆ. ಕಣ್ಣು ಮಾತ್ರ ಬಿದಿರ ಕಡ್ಡಿ ಬೀಳುವ ಜಾಗ ಬಿಟ್ಟು ಕದಲುವುದಿಲ್ಲ. ಮೂರನೇ ಹಾಡು ಮುಗಿಯುತ್ತದೆ. ಅವರು ಕಾಲು ಚಾಚುವುದಿಲ್ಲ. ಆರನೆಯದರಲ್ಲಿ ಡ್ರಮ್ಮಿನ ಜೊತೆ ಹೇ-ರಿನ್ ಕೈಯೆತ್ತಿ ಹೊಡೆಯುತ್ತಾಳೆ; ತಂತಿ ಕಂಪಿಸಿ ಮತ್ತೆ ನೆಟ್ಟಗಾಗುತ್ತದೆ. ಎಂಟನೆಯದು ಮುಗಿದು ದೀಪಗಳು ಹತ್ತಿದಾಗ ಅದು ಇದ್ದಲ್ಲೇ ಇದೆ.

ಬೆವರು ಒರೆಸಿಕೊಳ್ಳುತ್ತ ವಿಶ್ವಾಸ್ ಬರುತ್ತಾನೆ. "ಆಯ್ತು ಆಂಟಿ, ಸೋತೆ. ಪಾಲಿಯೆಸ್ಟರ್ ವಿಷಯ ಇನ್ನು ಎತ್ತಲ್ಲ."

ಜಹಾನಾರಾ ಅವನ ಕಡೆ ನೋಡುವುದಿಲ್ಲ. ವಾದ್ಯದ ಪಕ್ಕ ಮಂಡಿಯೂರಿ ಪೆಟ್ಟು ಬಿದ್ದ ಜಾಗವನ್ನು ಸವರುತ್ತಾರೆ. "ಇಲ್ಲಿ ಎರಡು ಎಳೆ ಎದ್ದಿದೆ. ಇನ್ನೆರಡು ಹಾಡಿದ್ದಿದ್ರೆ ನಿಲ್ತಿರಲಿಲ್ಲ. ಹುರಿ ಇನ್ನೂ ಬಿಗಿ ಬೇಕು."

ಆಮೇಲೆ ಪಕ್ಕದ ಐದು ತಂತಿಗಳನ್ನೂ ಒಂದೊಂದಾಗಿ ಮುಟ್ಟಿ ನೋಡುತ್ತಾರೆ.

"ಕೊರಿಯಾದವ್ರು ಚೆನ್ನಾಗೇ ಮಾಡಿದಾರೆ. ಆದ್ರೆ ಮುಂದಿನ ವರ್ಷಕ್ಕೆ ಈ ಆರೂ ನಂದೇ ಆಗ್ಬೇಕು."