ಪಾರಿವಾಳ ಓಡಿಸುತ್ತಿದ್ದ ಸೀಡಿ

ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದ ಆಕೆಗೆ ಮನುಷ್ಯರ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಸೀಡಿ ಡ್ರೈವುಗಳ ಮೇಲೆ ಇತ್ತು. ಅದೂ ಎಲ್ಲವುಗಳ ಮೇಲಲ್ಲ.

ಅವಳ ರೂಮು ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗಕ್ಕೆ ಅಂಟಿಕೊಂಡಿತ್ತು. ಗೋಡೆಯಾಚೆ ದೊಡ್ಡ ಯಂತ್ರಗಳು ದಿನವಿಡೀ ರೋಗಿಗಳ ಚಾದರಗಳನ್ನು ಕುಲುಕಿ ಹಾಕುತ್ತಿದ್ದುದರಿಂದ ಅವಳ ಮೇಜು ಸದಾ ಸಣ್ಣಗೆ ನಡುಗುತ್ತಿತ್ತು. ಅದಕ್ಕೆ ಔಷಧವಾಗಿ ಹಳೆಯ ಹವಾಯಿ ಚಪ್ಪಲಿಗಳನ್ನು ತುಂಡು ಮಾಡಿ ಡ್ರೈವುಗಳ ಕೆಳಗೆ ಇಟ್ಟಿದ್ದಳು.

ಸ್ಕ್ಯಾನ್ ಮಾಡಿಸಿದವರಿಗೆ ಆಸ್ಪತ್ರೆ ಚಿತ್ರಗಳನ್ನು ಸೀಡಿಯಲ್ಲಿ ಹಾಕಿ ಕೊಡುತ್ತಿತ್ತು. ಜನ ಅದನ್ನು ಮನೆಗೆ ಒಯ್ದು ಏನು ಮಾಡಬಾರದೋ ಅದನ್ನೆಲ್ಲ ಮಾಡುತ್ತಿದ್ದರು. ಬಿಸಿ ಲೋಟದ ಕೆಳಗೆ ಇಡುತ್ತಿದ್ದರು, ಮೊಮ್ಮಕ್ಕಳ ಕೈಗೆ ಕೊಡುತ್ತಿದ್ದರು, ಮೇಲ್ಮೈ ಮೇಲೆ ಬಾಲ್ ಪೆನ್ನಿನಿಂದ ಒತ್ತಿ ಒತ್ತಿ ಫೋನ್ ನಂಬರ್ ಬರೆಯುತ್ತಿದ್ದರು. ನಾಲ್ಕು ವರ್ಷ ಬಿಟ್ಟು ಅದೇ ಸೀಡಿ ಹಿಡಿದು ಬಂದರೆ ಡಾಕ್ಟರ ಕಂಪ್ಯೂಟರ್ ಅದನ್ನು ಉಗುಳುತ್ತಿತ್ತು. ಆಗ ಡಾಕ್ಟರು ಹೇಳುತ್ತಿದ್ದುದು ಒಂದೇ ಮಾತು: "ಕೆಳಗೆ ಸೀಡಿ ಮೇಡಂ ಹತ್ರ ಹೋಗಿ."

ಸೀಡಿ ಮೇಡಂಗೆ ಗೊತ್ತಿದ್ದ ದೊಡ್ಡ ಸತ್ಯ ಇಷ್ಟೇ: ಒಂದು ಡ್ರೈವ್ ಓದಲಾರದ್ದನ್ನು ಇನ್ನೊಂದು ಓದುತ್ತದೆ. ಆಸ್ಪತ್ರೆ ಗುಜರಿಗೆ ಹಾಕಿದ ಕಂಪ್ಯೂಟರುಗಳಿಂದ ಆಕೆ ಡ್ರೈವುಗಳನ್ನು ಬಿಚ್ಚಿ ಇಟ್ಟುಕೊಂಡಿದ್ದಳು, ಸ್ವಭಾವ ನೋಡಿ ಹೆಸರಿಟ್ಟಿದ್ದಳು. ಇಟ್ಟಿಗೆಯಂತೆ ಭಾರವಾದ, ಹಳದಿಗಟ್ಟಿದ ಹಳೆಯ ಡ್ರೈವ್ ದೊಡ್ಡಪ್ಪ. ಕೆಮ್ಮಿ, ಗೊಣಗಿ, ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು, ಎಂಥ ಗೀರು ಬಿದ್ದ ಸೀಡಿಯನ್ನೂ ಓದಿ ಮುಗಿಸುತ್ತಿತ್ತು. ಲ್ಯಾಪ್‌ಟಾಪಿನಿಂದ ಕಿತ್ತ ತೆಳ್ಳನೆಯದು ಅಳಿಯ. ಒಂದು ಬೆರಳಚ್ಚು ಕಂಡರೂ ಮುಖ ಊದಿಸಿಕೊಂಡು ಸೀಡಿಯನ್ನು ಹೊರಗೆ ತಳ್ಳುತ್ತಿತ್ತು.

ಬರೀ ಹೆಸರಲ್ಲ, ಪರೀಕ್ಷೆಯೂ ಇತ್ತು. ಪ್ರತಿ ವರ್ಷ ಒಮ್ಮೆ ಐದು ಕೆಟ್ಟ ಸೀಡಿಗಳನ್ನು ಎಲ್ಲ ಡ್ರೈವುಗಳಿಗೂ ಕೊಟ್ಟು ಉದ್ದನೆಯ ನೋಟ್‌ಬುಕ್ಕಿನಲ್ಲಿ ಅಂಕ ಬರೆಯುತ್ತಿದ್ದಳು. ಮುಖ್ಯ ಪ್ರಶ್ನೆಪತ್ರಿಕೆ ಎಂದರೆ ಗಂಡನ ಕೈವಾರದ ಮುಳ್ಳಿನಿಂದ ಆಕೆಯೇ ಅಳತೆ ಮಾಡಿ ಏಳು ಗೀರು ಎಳೆದಿದ್ದ ಸೀಡಿ. ಗಂಡ ನಿವೃತ್ತ ಗಣಿತದ ಮೇಷ್ಟ್ರು. ಆ ಕೈವಾರ ಅವರ ಬಾಳಿನಲ್ಲಿ ಉಪಯೋಗಕ್ಕೆ ಬಂದದ್ದು ಅಲ್ಲೇ. ದೊಡ್ಡಪ್ಪ ಆರು ವರ್ಷದಿಂದ ಮೊದಲ ಸ್ಥಾನ ಬಿಟ್ಟುಕೊಟ್ಟಿರಲಿಲ್ಲ. ಅಳಿಯನಿಗೆ ಈ ಸಲ ನೂರಕ್ಕೆ ಇಪ್ಪತ್ತಮೂರು ಬಂದಿತ್ತು. ಹಾಗಾಗಿ ಅದು ಗುಜರಿ ಡಬ್ಬಕ್ಕೆ ಹೋಗಿತ್ತು.

ಅತ್ತೆಗೆ ಕೆಮ್ಮು ಬಂದದ್ದು ಇಂಥ ಸುವ್ಯವಸ್ಥೆಯ ನಡುವೆ.

ಅತ್ತೆಗೆ ಎಂಬತ್ತೊಂದು. ಕೆಮ್ಮಿಗೆ ಎಕ್ಸ್‌ರೇ, ಎಕ್ಸ್‌ರೇಗೆ ಸ್ಕ್ಯಾನ್ ಆಗಿ, ಬಲಗಡೆಯ ಶ್ವಾಸಕೋಶದಲ್ಲಿ ಬಟಾಣಿ ಕಾಳಿನಷ್ಟು ಒಂದು ಗಡ್ಡೆ ಕಂಡಿತು. ಸೋಮವಾರ ಸರ್ಜನ್ ಅತ್ತೆ, ಮಗ, ಸೊಸೆ ಮೂವರನ್ನೂ ಕೂರಿಸಿಕೊಂಡು ವಿಷಯ ಹೇಳಿದರು.

"ಹೊಸ ಗಡ್ಡೆಯಾದ್ರೆ ತೆಗೀಲೇಬೇಕು. ಗುರುವಾರ ಆಪರೇಷನ್‌ಗೆ ಟೈಮ್ ಇಟ್ಟಿದ್ದೀನಿ. ಆದ್ರೆ ಅಜ್ಜಿ ಹಾರ್ಟ್ ನೋಡಿದ್ರೆ, ಈ ವಯಸ್ಸಲ್ಲಿ ಎದೆ ಕೊಯ್ದ್ರೆ ವಾಪಸ್ ಎದ್ದು ಬರೋದು ಅರ್ಧಕ್ಕರ್ಧ."

"ಇನ್ನರ್ಧ ಯಾರದು?" ಅಂದರು ಅತ್ತೆ.

ಸರ್ಜನ್ ಫೈಲಿನ ಹಾಳೆ ತಿರುವಿದರು. "ಹಳೇ ಗಡ್ಡೆಯಾಗಿ, ಬೆಳೀದೆ ಕೂತಿದ್ರೆ ಮುಟ್ಟೋದೇ ಬೇಡ. ಮೊದಲು ಯಾವಾಗಾದ್ರೂ ಸ್ಕ್ಯಾನ್ ಆಗಿತ್ತಾ?"

ಆಗಿತ್ತು. ಏಳು ವರ್ಷದ ಹಿಂದೆ ಮೆಟ್ಟಿಲಲ್ಲಿ ಜಾರಿ ಪಕ್ಕೆಲುಬು ಮುರಿದಾಗ ಇದೇ ಆಸ್ಪತ್ರೆಯಲ್ಲಿ ಎದೆಯ ಸ್ಕ್ಯಾನ್ ತೆಗೆದಿದ್ದರು. ಆ ವರದಿಯಲ್ಲಿ ಪಕ್ಕೆಲುಬಿನ ವಿಷಯ ಎರಡು ಸಾಲು ಇತ್ತು, ಗಡ್ಡೆಯ ಸುದ್ದಿ ಇರಲಿಲ್ಲ. ಹುಡುಕದ್ದನ್ನು ಯಾರೂ ಬರೆಯುವುದಿಲ್ಲ. ಚಿತ್ರಗಳನ್ನೇ ನೋಡಬೇಕಿತ್ತು. ಆದರೆ ಐದು ವರ್ಷ ದಾಟಿದ ಚಿತ್ರಗಳನ್ನು ಆಸ್ಪತ್ರೆಯ ಕಂಪ್ಯೂಟರಿನಿಂದ ಅಳಿಸುವುದು ಅಲ್ಲಿನ ನಿಯಮ. ಯಾರ ಯಾರ ಚಿತ್ರ ಅಳಿಸಿದ್ದಾರೆಂಬ ಪಟ್ಟಿ ರೆಕಾರ್ಡ್ ರೂಮಿನಲ್ಲೇ ಇತ್ತು. ಹನ್ನೆರಡನೆಯ ಪುಟದಲ್ಲಿ ಅತ್ತೆಯ ಹೆಸರು, ಪುಟದ ಕೆಳಗೆ ಸೊಸೆಯ ದುಂಡಗಿನ ಸಹಿ.

ಉಳಿದದ್ದು ಮನೆಗೆ ಕೊಟ್ಟ ಸೀಡಿ. ಮನೆಗೆ ಬಂದವಳೇ ಕಪಾಟಿನ ಕೆಳಖಾನೆ ಎಳೆದಳು. ಕವರ್ ಇತ್ತು, ಒಳಗೆ ಸೀಡಿ ಇರಲಿಲ್ಲ.

"ಅತ್ತೆ, ಇದರಲ್ಲಿದ್ದ ಸೀಡಿ ಎಲ್ಲಿ?"

"ಪಾರಿವಾಳದ ಹತ್ರ."

ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ, ಕಬ್ಬಿಣದ ಸರಳುಗಳ ನಡುವೆ, ಆ ಸೀಡಿ ಗಾಳಿಗೆ ಗಿರಗಿರ ತಿರುಗುತ್ತಿತ್ತು. ನಡುವಿನ ತೂತಿಗೆ ಅತ್ತೆ ತಮ್ಮ ಮಗನ ಹಳೆಯ ಪೈಜಾಮದ ಲಾಡಿ ಪೋಣಿಸಿ, ಬಟ್ಟೆ ಒಣಹಾಕುವ ತಂತಿಗೆ ಕಟ್ಟಿದ್ದರು. ಹೊಳಪಿಗೆ ಹೆದರಿ ಪಾರಿವಾಳ ಹತ್ತಿರ ಬರುವುದಿಲ್ಲ ಎಂದು ಎದುರುಮನೆಯಾಕೆ ಹೇಳಿಕೊಟ್ಟಿದ್ದಳಂತೆ.

"ಎಷ್ಟು ದಿನ ಆಯ್ತು ಕಟ್ಟಿ?"

"ಹೋದ ಬೇಸಿಗೇಲಿ. ಕಣ್ಣು ಕೆಂಪು ಮಾಡಬೇಡ. ಒಂದು ಸೀಡಿ ಕೊಡಮ್ಮಾ ಅಂತ ನಿನ್ನನ್ನೇ ಕೇಳಿದ್ದೆ. ಹೊಸದು ಹಾಳು ಮಾಡ್ಬೇಡಿ, ಕೆಳಖಾನೇಲಿ ಹಳೇವು ಬಿದ್ದಿವೆ, ಯಾವುದಾದ್ರೂ ತಗೊಳ್ಳಿ ಅಂತ ನೀನೇ ಅಂದೆ. ತಗೊಂಡೆ."

ಅಂದದ್ದು ನಿಜ. ಊರಿನವರೆಲ್ಲ ಸೀಡಿ ಹಾಳು ಮಾಡುತ್ತಾರೆಂದು ಇಪ್ಪತ್ತಾರು ವರ್ಷ ಮೂಗು ಮುರಿದವಳು ತಾನೇ ಸ್ಟೂಲು ಹತ್ತಿ ಲಾಡಿಯ ಗಂಟು ಬಿಚ್ಚಿದಳು.

"ಟೂತ್‌ಪೇಸ್ಟ್ ಹಚ್ಚಿ ಉಜ್ಜಿದ್ರೆ ಸರಿಹೋಗುತ್ತಂತೆ," ಎಂದು ಮೇಷ್ಟ್ರು ಪಕ್ಕದಿಂದ ಸೇರಿಸಿದರು.

"ನೀವು ಹಲ್ಲಿಗೆ ಹಚ್ಕೊಳ್ಳಿ. ಇದಕ್ಕೆ ಆಗಿರೋದು ಬರೀ ಗೀರಲ್ಲ, ಬಿಸಿಲು."

ಅದೇ ಚಿಂತೆಯಾಗಿತ್ತು. ಸರಳಿಗೆ ತಾಗಿ ಆದ ಗೀರುಗಳು ಹೆಚ್ಚಾಗಿ ಅಂಚಿನಲ್ಲಿದ್ದವು; ಬರವಣಿಗೆ ನಡುವಿನಿಂದ ಶುರುವಾಗುವುದರಿಂದ ಅಂಚು ಖಾಲಿ. ಆದರೆ ಇಂಥ ಸೀಡಿಯಲ್ಲಿ ಬರೆಯುವುದು ಒಂದು ಬಣ್ಣದ ಪದರದ ಮೇಲೆ. ತಿಂಗಳುಗಟ್ಟಲೆ ಬೆಳಕು ಬಿದ್ದರೆ ಸೀರೆಯ ಬಣ್ಣ ಹೋದ ಹಾಗೆ ಅದರ ಬಣ್ಣವೂ ಹೋಗುತ್ತದೆ. ಗೀರಾದರೆ ಡ್ರೈವ್ ಅದನ್ನು ಹಾರಿ ಆಚೆ ಓದಬಹುದು. ಬಣ್ಣವೇ ಮಾಸಿದರೆ ಯಾವುದು ಅಕ್ಷರ, ಯಾವುದು ಖಾಲಿ ಎಂಬುದೇ ಅದಕ್ಕೆ ತಿಳಿಯುವುದಿಲ್ಲ.

ಮಂಗಳವಾರ ಬೆಳಗ್ಗೆ ಆಕೆ ಸೀಡಿಯನ್ನು ದೊಡ್ಡಪ್ಪನಿಗೆ ಕೊಟ್ಟಳು. ಒಟ್ಟು ಇನ್ನೂರ ಹನ್ನೆರಡು ಚಿತ್ರಗಳು, ಎದೆಯನ್ನು ಮೇಲಿನಿಂದ ಕೆಳಕ್ಕೆ ತೆಳ್ಳಗೆ ಹೆಚ್ಚಿದ ಹಾಗೆ. ಹೊಸ ಸ್ಕ್ಯಾನಿನೊಂದಿಗೆ ಪಕ್ಕೆಲುಬು ಎಣಿಸಿ ಹೋಲಿಸಿದರೆ, ಗಡ್ಡೆ ಇದ್ದರೆ ತೊಂಬತ್ತಾರರಿಂದ ನೂರಾ ಒಂದನೆಯ ಚಿತ್ರದೊಳಗೆ ಕಾಣಬೇಕಿತ್ತು. ದೊಡ್ಡಪ್ಪ ಕೆಮ್ಮಿತು, ಗೊಣಗಿತು, ಅರವತ್ತು ಚಿತ್ರ ಸಲೀಸಾಗಿ ಓದಿತು. ಲಾಡಿಯ ದಪ್ಪ ಗಂಟಿನ ನೆರಳು ಬಿದ್ದಿದ್ದ ಭಾಗ ಅದು. ನೆರಳು ಮುಗಿದಲ್ಲಿ ದೊಡ್ಡಪ್ಪನ ವಿದ್ಯೆಯೂ ಮುಗಿಯಿತು. ಮೂರು ಗಂಟೆ ಕಟಕಟ ಅನ್ನುತ್ತ ಕೂತಿತೇ ಹೊರತು ಅರವತ್ತೊಂದು ಬರಲಿಲ್ಲ. ಉಳಿದ ಡ್ರೈವುಗಳು ಅಷ್ಟೂ ಮಾಡಲಿಲ್ಲ.

ಆಪರೇಷನ್ನಿಗೆ ಮುಂಚಿನ ರಕ್ತಪರೀಕ್ಷೆಗೆ ಬಂದಿದ್ದ ಅತ್ತೆ, ತೋಳಿಗೆ ಹತ್ತಿ ಒತ್ತಿಕೊಂಡು ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು.

"ಇದೇನಾ ನಿನ್ನ ಫಸ್ಟ್ ರ‍್ಯಾಂಕು?"

"ಸುಮ್ನಿರಿ ಅತ್ತೆ."

"ಗುರುವಾರ ಹೇಗೂ ಸುಮ್ನಾಗ್ತೀನೋ ಏನೋ. ಆ ಡಬ್ಬದಲ್ಲಿ ಬಿದ್ದಿರೋನು ಯಾರು?"

"ಅಳಿಯ. ಶುದ್ಧ ದಡ್ಡ. ಇಪ್ಪತ್ತಮೂರು ಮಾರ್ಕ್ಸು."

"ಯಾವುದರಲ್ಲಿ?"

"ಗೀರು ಬಿದ್ದದ್ದು, ಎಣ್ಣೆ ಕೈ ಹತ್ತಿದ್ದು, ಪಾತ್ರೆ ಉಜ್ಜೋ ನಾರಲ್ಲಿ ತಿಕ್ಕಿದ್ದು..."

"ಬಿಸಿಲಿಗೆ ಒಣಗಿದ್ದು?"

ಆಕೆಯ ಪರೀಕ್ಷೆಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಸೀಡಿಯನ್ನು ಬಿಸಿಲಿಗೆ ನೇತುಹಾಕುವ ಜನ ಇರುತ್ತಾರೆಂದು ಆಕೆಗೆ ಯಾವತ್ತೂ ಹೊಳೆದಿರಲಿಲ್ಲ.

"ಕೇಳದೇ ಇರೋ ಪ್ರಶ್ನೆಗೆ ಮಾರ್ಕ್ಸ್ ಕಳೆಯೋದು ನಿನ್ನ ಗಂಡನ ಪದ್ಧತಿ," ಅಂದರು ಅತ್ತೆ. "ನೀನೂ ಅದನ್ನೇ ಕಲ್ತುಕೊಂಡೆ. ಎತ್ತು ಅವನನ್ನ."

ಎತ್ತಿದಳು. ಹೆಚ್ಚಿಗೆ ಆಸೆಯಿಂದೇನಲ್ಲ, ಅತ್ತೆಯ ಬಾಯಿ ಮುಚ್ಚಿಸಲು. ಅಳಿಯ ಸೀಡಿಯನ್ನು ಒಳಗೆಳೆದುಕೊಂಡಿತು, ಒಂದು ಗಳಿಗೆ ಯೋಚಿಸಿತು, ಅರವತ್ತೊಂದನೆಯ ಚಿತ್ರವನ್ನು ಏನೂ ಆಗಿಲ್ಲವೆಂಬಂತೆ ಪರದೆಗೆ ತಂದು ಹಾಕಿತು. ಆಮೇಲೆ ಅರವತ್ತೆರಡು. ಮಾಸಿದ ಬರಹ ಓದಲು ಅದಕ್ಕೆ ಒಳ್ಳೆಯ ಕಣ್ಣಿತ್ತು. ಗೀರು, ಕೊಳೆ ಮಾತ್ರ ಅದಕ್ಕೆ ಆಗುತ್ತಿರಲಿಲ್ಲ. ಆಕೆ ವರ್ಷಾನುಗಟ್ಟಲೆ ಕೇಳಿದ್ದೂ ಅದನ್ನೇ.

ತೊಂಬತ್ತಮೂರಕ್ಕೆ ಬಂದಾಗ ಅಳಿಯ ಹಳೇ ಬುದ್ಧಿ ತೋರಿಸಿತು. ಅಲ್ಲಿ ಬೆಳಕಿಗೆ ಮಾಸಿದ ಭಾಗದ ಮೇಲೇ ಒಂದು ಗೀರೂ ಇತ್ತು. ಸೀಡಿ ಹೊರಗೆ ಬಂತು. ಮತ್ತೆ ಹಾಕಿದಳು, ಮತ್ತೆ ತಳ್ಳಿತು. ನೂರಾ ಹತ್ತರಿಂದ ಮುಂದೆ ಓದುತ್ತಿತ್ತು. ಬೇಕಾದದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ಕೊಡುವುದರಲ್ಲಿ ಎತ್ತಿದ ಕೈ. ಸಂಜೆ ಐದರವರೆಗೆ ಮೂವತ್ತೆಂಟು ಸಲ ಹಾಕಿದಳು. ಮೇಜು ನಡುಗುತ್ತಲೇ ಇತ್ತು. ಕೊನೆಯ ಸಲ ಹೊರಗೆ ಬಂದಾಗ, ಅಳಿಯನ ತೆಳ್ಳನೆಯ ತಟ್ಟೆ ತಾನೂ ಗೋಡೆಯ ತಾಳಕ್ಕೆ ಕುಣಿಯುತ್ತಿರುವುದು ಆಕೆಯ ಕಣ್ಣಿಗೆ ಬಿತ್ತು. ದೊಡ್ಡಪ್ಪ ಭಾರದ ದೇಹ, ಅದಕ್ಕೆ ನಡುಕದ ಪರಿವೆಯಿಲ್ಲ. ಅಳಿಯನ ತೂಕ ಒಂದು ಬನ್ನಿನಷ್ಟು. ಚಪ್ಪಲಿಯ ತುಂಡುಗಳೆಲ್ಲ ದೊಡ್ಡಪ್ಪನ ಕೆಳಗೇ ಇದ್ದವು. ಫಸ್ಟ್ ಬಂದವರಿಗೆ ಎಲ್ಲ ಸೌಲಭ್ಯ.

ಬಟ್ಟೆ ಒಗೆಯುವ ಯಂತ್ರಗಳು ಏಳಕ್ಕೆ ಶುರುವಾಗುತ್ತಿದ್ದವು. ಬುಧವಾರ ಆರೂಕಾಲಿಗೇ ಆಕೆ ರೂಮಿನ ಬೀಗ ತೆಗೆದಳು. ದೊಡ್ಡಪ್ಪನನ್ನು ಎತ್ತಿ ನೆಲಕ್ಕಿಟ್ಟು, ಅದರ ನಾಲ್ಕು ಚಪ್ಪಲಿ ತುಂಡುಗಳನ್ನೂ ಅಳಿಯನಿಗೆ ಹಾಸಿದಳು. ಸೀಡಿಯನ್ನು ನಡುವಿನಿಂದ ಅಂಚಿಗೆ ಮೆತ್ತಗೆ ಒರೆಸಿ, ಓದುವ ವೇಗವನ್ನು ಎಲ್ಲಕ್ಕಿಂತ ಕಡಿಮೆಗಿಟ್ಟು, ಕೈಕಟ್ಟಿ ಕೂತಳು. ಮೇಜು ನಿಶ್ಚಲವಾಗಿತ್ತು.

ಆರು ಐವತ್ತಕ್ಕೆ ತೊಂಬತ್ತೇಳು ಬಂತು, ಅದರಲ್ಲಿ ಗಡ್ಡೆ ಕಾಣಲಿಲ್ಲ. ತೊಂಬತ್ತೆಂಟು ಬರಲಿಲ್ಲ. ತೊಂಬತ್ತೊಂಬತ್ತು ಅರ್ಧ ಬಂದು ನಿಂತಿತು, ಪರದೆಯ ಮೇಲೆ ಅತ್ತೆಯ ಎದೆ ಅರ್ಧಕ್ಕರ್ಧ ಕಪ್ಪಾಗಿ ಕೂತಿತ್ತು. ಗೋಡೆಯಾಚೆ ಯಾರೋ ಯಂತ್ರದ ಬಾಗಿಲು ಧಡ್ ಎಂದು ಮುಚ್ಚಿದರು. ಆಕೆ ಎದ್ದು ಹೋಗಿ, ಆ ವಿಭಾಗದ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ನಾನು ಹೇಳೋವರೆಗೆ ಯಾರಾದ್ರೂ ಗುಂಡಿ ಒತ್ತಿದ್ರೆ ನೋಡಿ," ಅಂದಳು. ಇಪ್ಪತ್ತಾರು ವರ್ಷದಲ್ಲಿ ಆ ಕಡೆ ಕಾಲಿಡದವಳು ಬಂದು ನಿಂತದ್ದಕ್ಕೇ ಮೂವರು ಕೆಲಸಗಾರರು ಕೈಯಲ್ಲಿದ್ದ ಚಾದರ ಕೆಳಗಿಟ್ಟರು.

ಹತ್ತು ನಿಮಿಷ ಬಿಟ್ಟು ತೊಂಬತ್ತೊಂಬತ್ತು ಪೂರ್ತಿ ಬಂತು. ಬಲಗಡೆ, ಬೂದುಬಣ್ಣದ ನಡುವೆ, ದುಂಡಗೆ ಬೆಳ್ಳಗೆ, ಬಟಾಣಿ ಕಾಳು.

ಹತ್ತು ಗಂಟೆಗೆ ಸರ್ಜನ್ ಹೊಸದನ್ನೂ ಹಳೆಯದನ್ನೂ ಅಕ್ಕಪಕ್ಕ ಇಟ್ಟು ಎರಡೆರಡು ಸಲ ಅಳೆದರು.

"ಆಗಲೂ ಎಂಟು ಮಿಲಿಮೀಟರ್, ಈಗಲೂ ಎಂಟು. ಏಳು ವರ್ಷದಲ್ಲಿ ಕೂದಲೆಳೆಯಷ್ಟೂ ಬೆಳೆದಿಲ್ಲ. ಕೆಮ್ಮಿಗೆ ಸಿರಪ್ ಬರೆದುಕೊಡ್ತೀನಿ, ಆಪರೇಷನ್ ಬೇಡ."

"ಏಳು ವರ್ಷ ತಿಂದುಂಡು ಏನೂ ಮಾಡದೆ ಕೂತಿದೆ," ಅಂದರು ಅತ್ತೆ, ಮಗನ ಕಡೆ ತಿರುಗಿ. "ನಮ್ಮನೇದೇ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಲು ಶುರುಮಾಡಿದರು. ಆಮೇಲೆ ಬಹಳ ಹೊತ್ತು ಅದನ್ನೇ ಒರೆಸಿದರು.

ಹೊರಗೆ ಬಂದ ಮೇಲೆ ಅತ್ತೆ ಕೈ ಚಾಚಿದರು. "ಕೆಲಸ ಆಯ್ತಲ್ಲ, ಕೊಡು ಆ ಸೀಡಿ. ಎರಡು ದಿನದಿಂದ ಬಾಲ್ಕನಿ ತುಂಬ ಗಲೀಜು."

ಆಕೆ ಕೊಡಲಿಲ್ಲ. ಆ ಸೀಡಿಯನ್ನು ಕವರಿಗೆ ಹಾಕಿ, ಮೇಲೆ 'ಪ್ರಶ್ನೆ ೬, ಬಿಸಿಲು' ಎಂದು ಬರೆದು ನೋಟ್‌ಬುಕ್ಕಿನ ಜೊತೆ ಇಟ್ಟಳು. ಬದಲಿಗೆ ಕೈವಾರದಲ್ಲಿ ಅಳೆದು ಏಳು ಗೀರು ಎಳೆದಿದ್ದ, ಆರು ವರ್ಷ ಜೋಪಾನ ಮಾಡಿದ ತನ್ನ ಪ್ರಶ್ನೆಪತ್ರಿಕೆಯನ್ನು ಮನೆಗೆ ತಂದು ಅದೇ ಲಾಡಿಗೆ ಪೋಣಿಸಿ ಕಟ್ಟಿದಳು.

ಎರಡು ದಿನ ಪಾರಿವಾಳಗಳು ದೂರ ಇದ್ದವು. ಮೂರನೆಯ ದಿನ ಒಂದು ಬಂದು ಸೀಡಿಯ ಪಕ್ಕದಲ್ಲೇ ಕೂತು, ಅದರಲ್ಲಿ ತನ್ನ ಮುಖ ನೋಡಿಕೊಂಡಿತು. ಅತ್ತೆ ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ, ಎರಡೂ ಶ್ವಾಸಕೋಶ ತುಂಬಿಕೊಂಡು, ಅದಕ್ಕೆ ಬೈದರು.